ಕನ್ನಡ ಮೀಡಿಯಂ ಬಿಎಯಿಂದ ಎಕನಾಮಿಕ್ಸ್ ಎಂಎಗೆ: ಎರಡು ಸಲ ಅರ್ಜಿ ಹಾಕಿ ನಾನು ಕಲಿತದ್ದು

ನಮ್ಮ ಮನೆ ಬ್ಯಾಡಗಿ ಹತ್ತಿರ. ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಪಿಯುಸಿಯಲ್ಲಿ ನಾನು ಓದಿದ್ದು ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ; ಗಣಿತ ಇಲ್ಲ), ಆಮೇಲೆ ಸರ್ಕಾರಿ ಕಾಲೇಜಿನಲ್ಲಿ ಬಿಎ. ಎಲ್ಲ ಕನ್ನಡ ಮೀಡಿಯಂ. 2023ರಲ್ಲಿ ಎಕನಾಮಿಕ್ಸ್ ಎಂಎಗೆ ಮೊದಲ ಸಲ ಅರ್ಜಿ ಹಾಕಿದೆ, ಎಲ್ಲೂ ಸಿಗಲಿಲ್ಲ. 2024ರಲ್ಲಿ ಮತ್ತೆ ಹಾಕಿದೆ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಆ ಒಂದು ವರ್ಷದಲ್ಲಿ ನನ್ನ ಅರ್ಥಶಾಸ್ತ್ರವೇನೂ ಉದ್ಧಾರವಾಗಲಿಲ್ಲ. ಅದು ಇದ್ದಷ್ಟೇ ಇತ್ತು. ಗಣಿತ ಕಲಿತೆ, ಕಾಗದಪತ್ರ ಸರಿ ಮಾಡಿಕೊಂಡೆ, ಅಷ್ಟೇ.

ಈಗ ನವೆಂಬರ್ ಬಂದರೆ ಸಾಕು, ಊರ ಕಡೆಯ ಹುಡುಗ ಹುಡುಗಿಯರ ಫೋನ್ ಶುರು. "ಅಕ್ಕಾ, ಎಂಎಗೆ ಹೊರಗೆ ಹೋಗಬೇಕು, ಯಾವ ಗೈಡ್ ಓದಲಿ?" ಗೈಡ್ ಮಾತು ಆಮೇಲೆ. ಮೊದಲು ಇದನ್ನು ಓದಿ.

ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ

ಎಲ್ಲರೂ ಸಿಲಬಸ್‌ನಿಂದ ಶುರು ಮಾಡುತ್ತಾರೆ. ನೀವು ಅರ್ಹತೆಯ ಸಾಲಿನಿಂದ ಶುರು ಮಾಡಿ. ನನಗೆ ಇದರಲ್ಲೇ ಮೊದಲ ಪೆಟ್ಟು ಬಿತ್ತು.

ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐ, ಹೆಸರು ಕೇಳಿರುತ್ತೀರಿ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿ ಎಂಎಸ್‌ಕ್ಯೂಇ, ಅಂದರೆ ಕ್ವಾಂಟಿಟೇಟಿವ್ ಎಕನಾಮಿಕ್ಸ್‌ನ ಎರಡು ವರ್ಷದ ಮಾಸ್ಟರ್ಸ್ ಕೋರ್ಸ್ ಇದೆ. ಟ್ಯೂಷನ್ ಫೀಸ್ ಇಲ್ಲ, ಮೇಲಿಂದ ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಐಎಸ್‌ಐ ಕೇಂದ್ರ ಇದೆ, ಆದರೆ ಈ ಕೋರ್ಸ್ ನಡೆಯುವುದು ಕೋಲ್ಕತ್ತಾ ಮತ್ತು ದೆಹಲಿಯಲ್ಲಿ. ಇದನ್ನೆಲ್ಲ ಓದಿ ನಾನು ಅವ್ವನಿಗೆ ಹೇಳಿಯೂ ಬಿಟ್ಟಿದ್ದೆ. ಆಮೇಲೆ ಕಣ್ಣಿಗೆ ಬಿತ್ತು, ಪಿಯುಸಿ ಮಟ್ಟದಲ್ಲಿ ಗಣಿತ ಓದಿರಬೇಕು ಅಂತ. ನನ್ನದು ಎಚ್‌ಇಪಿಎಸ್. ಅಲ್ಲಿಗೆ ಮುಗಿಯಿತು. ಹದಿನಾರನೇ ವಯಸ್ಸಿನಲ್ಲಿ ಗಣಿತ ಕಷ್ಟ ಅಂತ ಬಿಟ್ಟಿದ್ದು ಇಪ್ಪತ್ತೊಂದರಲ್ಲಿ ಬಂದು ಬಾಗಿಲು ಹಾಕಿತು. ಈಗ ಎಸ್ಸೆಸ್ಸೆಲ್ಸಿ ಮುಗಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಗಣಿತ ಇರುವ ಕಾಂಬಿನೇಷನ್ ತಗೊಳ್ಳಿ. ಕಾಮರ್ಸ್‌ನಲ್ಲೂ ಬೇಸಿಕ್ ಮ್ಯಾಥ್ಸ್ ಸಿಗುತ್ತದೆ.

ಪಿಯುಸಿಯಲ್ಲಿ ಗಣಿತ ಇದ್ದವರು ಐಎಸ್‌ಐಗೆ ಖಂಡಿತ ಹಾಕಿ. ಎರಡು ಪೇಪರ್, ಒಂದು ಗಣಿತ, ಇನ್ನೊಂದು ಅರ್ಥಶಾಸ್ತ್ರ. ಎರಡನೆಯದರಲ್ಲಿ ಟಿಕ್ ಹಾಕಿದರೆ ಆಗುವುದಿಲ್ಲ, ಲೆಕ್ಕ ಬಿಡಿಸಿ ತೋರಿಸಬೇಕು. ಹಳೆಯ ಪ್ರಶ್ನೆಗಳು ಅವರ ವೆಬ್‌ಸೈಟ್‌ನಲ್ಲೇ ಬಿಟ್ಟಿ ಇವೆ. ನನಗೆ ಪ್ರವೇಶ ಇಲ್ಲದಿದ್ದರೂ ಆ ಪ್ರಶ್ನೆಗಳನ್ನೇ ಬಿಡಿಸಿದ್ದೆ. ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಕಾಣೆ.

ಎರಡನೇ ಬಾಗಿಲು ಜಾಮ್, ಅಂದರೆ ಐಐಟಿಗಳ ಎಂಎಸ್‌ಸಿಗೆ ಸೇರುವ ಪರೀಕ್ಷೆ. ಅದರಲ್ಲಿ 2021ರಿಂದ ಎಕನಾಮಿಕ್ಸ್ ಪೇಪರ್ ಇದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ, ಪರೀಕ್ಷೆ ಫೆಬ್ರವರಿಯಲ್ಲಿ. ಅರ್ಜಿ ಮಾತ್ರ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ. ನವೆಂಬರ್‌ನಲ್ಲಿ ನನಗೆ ಫೋನ್ ಮಾಡುವವರಿಗೆ ಆ ವರ್ಷದ ಜಾಮ್ ಆಗಲೇ ಕೈ ತಪ್ಪಿರುತ್ತದೆ.

ಮೂರನೆಯದು, ನಮ್ಮಂಥವರಿಗೆ ಅತಿ ಅಗಲವಾದದ್ದು, ಸಿಯುಇಟಿ ಪಿಜಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂಎ, ಎಂಎಸ್‌ಸಿಗೆ ಸೇರುವ ಸಾಮಾನ್ಯ ಪ್ರವೇಶ ಪರೀಕ್ಷೆ. ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಇರುವ ದೆಹಲಿ ವಿಶ್ವವಿದ್ಯಾಲಯ, ಜೆಎನ್‌ಯು, ಹೈದರಾಬಾದ್, ನಮ್ಮದೇ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ, ಎಲ್ಲಕ್ಕೂ ಒಂದೇ ಪರೀಕ್ಷೆ. ಎಕನಾಮಿಕ್ಸ್ ಪೇಪರಿನ ಕೋಡ್ ಸಿಒಕ್ಯೂಪಿ10. ಫಾರಂ ತುಂಬುವಾಗ ಈ ಕೋಡನ್ನು ಎರಡು ಸಲ ನೋಡಿ.

ಉಳಿದಂತೆ ಮುಂಬೈಯ ಐಜಿಐಡಿಆರ್ (ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ) ಇದೆ, 1987ರಲ್ಲಿ ರಿಸರ್ವ್ ಬ್ಯಾಂಕ್ ಶುರು ಮಾಡಿದ್ದು. ಪುಣೆಯ ಗೋಖಲೆ ಸಂಸ್ಥೆ, ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್, ತಿರುವನಂತಪುರದ ಸಿಡಿಎಸ್ (ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್), ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಜ್ಞಾನಭಾರತಿಯಲ್ಲಿರುವ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಕೂಡ ಇವೆ. ಒಂದೊಂದರ ನಿಯಮ ಒಂದೊಂದು ತರಹ, ವರ್ಷ ವರ್ಷ ಬದಲಾಗುತ್ತವೆ. ಆ ವರ್ಷದ ಪ್ರಕಟಣೆ ನೋಡಿ, ಹೋದ ವರ್ಷದ ಯೂಟ್ಯೂಬ್ ವಿಡಿಯೋ ನೋಡಬೇಡಿ. ಧಾರವಾಡ, ಮೈಸೂರಿನಲ್ಲೇ ಓದುತ್ತೇನೆ ಅನ್ನುವವರೂ ಒಂದು ಸಿಯುಇಟಿ ಬರೆದಿಡಿ. ಕಳೆದುಕೊಳ್ಳುವುದು ಅರ್ಜಿ ಶುಲ್ಕ ಮಾತ್ರ.

ಅಂದಹಾಗೆ ಡೆಲ್ಲಿ ಸ್ಕೂಲ್ ಅಂದರೆ ಏನೋ ಬೇರೆ ಲೋಕ ಅಂತ ಹೆದರಬೇಡಿ. ಅದನ್ನು 1949ರಲ್ಲಿ ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ಕಟ್ಟಿದ್ದು. ನಾಗರಭಾವಿ ಬಸ್ಸಿನಲ್ಲಿ ಆ ಬೋರ್ಡ್ ನೋಡಿಕೊಂಡೇ ಎಷ್ಟೋ ಜನ ಓಡಾಡುತ್ತಿರುತ್ತಾರೆ.

ಹೆಸರಿನ ಮುಂದಿನ ಇನಿಷಿಯಲ್

ಸಿಯುಇಟಿ ಪಿಜಿ ಅರ್ಜಿ ಈಚಿನ ವರ್ಷಗಳಲ್ಲಿ ಡಿಸೆಂಬರ್, ಜನವರಿ ಹೊತ್ತಿಗೆ ತೆರೆಯುತ್ತಿದೆ. ಪರೀಕ್ಷೆ ಮಾರ್ಚ್‌ನಲ್ಲಿ. ಅರ್ಜಿ ತೆರೆಯುವುದಕ್ಕೂ ಒಂದು ತಿಂಗಳ ಮುಂಚೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಡಿಗ್ರಿ ಅಂಕಪಟ್ಟಿ ಮೂರನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ಹೆಸರು ಓದಿ. ಕರ್ನಾಟಕದ ಮಕ್ಕಳ ದೊಡ್ಡ ಗೋಳು ಇನಿಷಿಯಲ್. ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ನನ್ನದು ಮೂರರಲ್ಲೂ ಮೂರು ತರಹ ಇತ್ತು. ಆಧಾರ್ ತಿದ್ದಿಸುವುದು ಸುಲಭ, ಹತ್ತನೇ ತರಗತಿ ಅಂಕಪಟ್ಟಿ ತಿದ್ದಿಸುವುದು ಕಷ್ಟ. ಹಾಗಾಗಿ ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದೆಯೋ ಹಾಗೆ ಆಧಾರ್ ಮಾಡಿಸಿಕೊಳ್ಳಿ. ಫಾರಂನಲ್ಲೂ ಅದೇ ಹೆಸರು ಬರೆಯಿರಿ, ಚುಕ್ಕೆ ಸಮೇತ.

ಇಮೇಲ್ ನಿಮ್ಮದೇ ಇರಲಿ, ಸೈಬರ್ ಸೆಂಟರ್ ಅಣ್ಣನದಲ್ಲ. ನಗಬೇಡಿ, ನನ್ನ ಕ್ಲಾಸಿನ ಇಬ್ಬರ ಒಟಿಪಿ ಅವರಿಗೇ ಹೋಗುತ್ತಿತ್ತು.

ಪರೀಕ್ಷೆ ಬರೆದು ಅಂಕ ಬಂತು ಅನ್ನಿ. 2023ರಲ್ಲಿ ನಾನು ಮಾಡಿದ ಮಹಾ ದಡ್ಡತನ ಆಗಲೇ ಆದದ್ದು. ಅಂಕ ಬಂತಲ್ಲ, ಇನ್ನು ಅವರೇ ಕರೆಯುತ್ತಾರೆ ಅಂತ ಸುಮ್ನೆ ಕೂತೆ. ಅವರು ಕರೆಯುವುದಿಲ್ಲ. ಎನ್‌ಟಿಎ (ನ್ಯಾಷನಲ್ ಟೆಸ್ಟಿಂಗ್ ಏಜೆನ್ಸಿ) ಕೆಲಸ ಪರೀಕ್ಷೆ ನಡೆಸಿ ಅಂಕ ಕೊಡುವುದು, ಅಷ್ಟೇ. ಆಮೇಲೆ ಒಂದೊಂದು ವಿಶ್ವವಿದ್ಯಾಲಯಕ್ಕೂ ಅದರದೇ ಪೋರ್ಟಲ್‌ನಲ್ಲಿ ಬೇರೆಯಾಗಿ ನೋಂದಾಯಿಸಬೇಕು, ಬೇರೆಯಾಗಿ ದುಡ್ಡು ಕಟ್ಟಬೇಕು. ದೆಹಲಿಯ ಪೋರ್ಟಲ್ ಹೆಸರು ಸಿಎಸ್‌ಎಎಸ್. ನನಗೆ ಅದು ಗೊತ್ತಾಗುವ ಹೊತ್ತಿಗೆ ಕೊನೇ ದಿನ ದಾಟಿ ನಾಲ್ಕು ದಿನ ಆಗಿತ್ತು. ನನ್ನ ಅಂಕಕ್ಕೆ ಹೇಗೂ ಸಿಗುತ್ತಿರಲಿಲ್ಲ ಅಂತ ಈಗ ಸಮಾಧಾನ ಮಾಡಿಕೊಳ್ಳುತ್ತೇನೆ, ಆದರೆ ಕೇಳುವ ಮೊದಲೇ ಇಲ್ಲ ಅನ್ನಿಸಿಕೊಂಡ ಹಾಗಾಯಿತು. ಈಗ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಗೋಡೆಯ ಕ್ಯಾಲೆಂಡರ್ ಮೇಲೆ ವಿಶ್ವವಿದ್ಯಾಲಯಗಳ ಹೆಸರು ಬರೆಯಿರಿ, ಪರೀಕ್ಷೆ ಮುಗಿದ ಮಾರನೇ ದಿನದಿಂದ ಎರಡು ದಿನಕ್ಕೊಮ್ಮೆ ಆ ವೆಬ್‌ಸೈಟ್ ನೋಡಿ.

ಗಣಿತ

ನಿಜವಾದ ಅರ್ಜಿ ಇದೇ. ಉಳಿದದ್ದೆಲ್ಲ ಕಾಗದ.

ಸಿಯುಇಟಿ ಪಿಜಿ ಎಕನಾಮಿಕ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ. ಡಿಗ್ರಿ ಪ್ರವೇಶದ ಸಿಯುಇಟಿಯಲ್ಲಿ ಕನ್ನಡ ಇದೆ, ಪಿಜಿಯ ಈ ಪೇಪರಿನಲ್ಲಿ ಇಲ್ಲ. ಮೊದಲ ಸಲ ಪ್ರಶ್ನೆ ನೋಡಿದಾಗ ವಿಷಯವೇ ಗೊತ್ತಿಲ್ಲವೇನೋ ಅನ್ನಿಸಿತು. ಮನೆಗೆ ಬಂದು ಒಂದೊಂದೇ ಪದ ಬಿಡಿಸಿದರೆ, ಅರೆ, ಇದೆಲ್ಲ ನಾನು ಓದಿದ್ದೇ! ಮಾರ್ಜಿನಲ್ ಯುಟಿಲಿಟಿ ಅಂದರೆ ನಮ್ಮ ಸೀಮಾಂತ ತುಷ್ಟಿಗುಣ. ಇಲಾಸ್ಟಿಸಿಟಿ ಅಂದರೆ ಸ್ಥಿತಿಸ್ಥಾಪಕತ್ವ, ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ. ಮೊನೊಪೊಲಿ ಅಂದರೆ ಏಕಸ್ವಾಮ್ಯ. ಇನ್‌ಫ್ಲೇಷನ್ ಅಂತೂ ಗೊತ್ತೇ ಇದೆ, ಹಣದುಬ್ಬರ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ನಡುವೆ ಗೆರೆ ಎಳೆದೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಆರು ನೂರು ಪದ ಆಗುವ ಹೊತ್ತಿಗೆ ಇಂಗ್ಲಿಷ್ ಪ್ರಶ್ನೆ ನೋಡಿದರೆ ಎದೆ ಹೊಡೆದುಕೊಳ್ಳುವುದು ನಿಂತಿತು. ಕನ್ನಡದಲ್ಲಿ ಓದಿದ್ದು ವ್ಯರ್ಥ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ‘ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ’ ಅನ್ನುವ ಹೆಸರಲ್ಲೇ ಅರ್ಥ ಪೂರ್ತಿ ಇದೆ.

ಆದರೆ ನಮ್ಮ ಬಿಎಯಲ್ಲಿ ಒಂದು ಕೊರತೆ ಇತ್ತು. ಎಲ್ಲವನ್ನೂ ಮಾತಿನಲ್ಲಿ ಹೇಳುತ್ತಿದ್ದೆವು. ಸ್ಥಿತಿಸ್ಥಾಪಕತ್ವದ ಐದು ವಿಧ, ಅರ್ಥ, ಚಿತ್ರ, ಮಹತ್ವ, ಹತ್ತು ಅಂಕ. ಪ್ರವೇಶ ಪರೀಕ್ಷೆಯಲ್ಲಿ ಅದೇ ವಿಷಯ ಒಂದು ಗೆರೆಯಲ್ಲಿ ಬರುತ್ತದೆ. ಒಂದು ಉದಾಹರಣೆ ನೋಡಿ. ಬೆಲೆ ರೂಪಾಯಿಯಲ್ಲಿ ಎಷ್ಟಿದೆಯೋ ಅದರ ಎರಡರಷ್ಟನ್ನು 100ರಿಂದ ಕಳೆದರೆ ಬೇಡಿಕೆ ಸಿಗುತ್ತದೆ ಅನ್ನೋಣ. ಯಾವ ಬೆಲೆಗೆ ಮಾರಿದರೆ ಒಟ್ಟು ಆದಾಯ ಅತಿ ಹೆಚ್ಚು? ಆದಾಯ ಅಂದರೆ ಬೆಲೆ ಗುಣಿಸು ಬೇಡಿಕೆ. ಅದರ ಡೆರಿವೇಟಿವ್ (ಬೆಲೆ ಚೂರು ಬದಲಾದರೆ ಆದಾಯ ಬದಲಾಗುವ ದರ) ತೆಗೆದರೆ 100 ಕಳೆ ಬೆಲೆಯ ನಾಲ್ಕರಷ್ಟು. ಅದನ್ನು ಸೊನ್ನೆಗೆ ಸಮ ಮಾಡಿದರೆ ಬೆಲೆ 25, ಆಗ ಬೇಡಿಕೆ 50. ಈಗ ಆ ಜಾಗದಲ್ಲಿ ಸ್ಥಿತಿಸ್ಥಾಪಕತ್ವ ಲೆಕ್ಕ ಹಾಕಿ: 2 (ಬೆಲೆ ಒಂದು ರೂಪಾಯಿ ಏರಿದರೆ ಇಳಿಯುವ ಬೇಡಿಕೆ) ಗುಣಿಸು ಬೆಲೆ 25, ಭಾಗಿಸು ಬೇಡಿಕೆ 50. ಉತ್ತರ 1. ‘ಏಕಘಟಕ ಸ್ಥಿತಿಸ್ಥಾಪಕತ್ವ ಇರುವಲ್ಲಿ ಒಟ್ಟು ಆದಾಯ ಗರಿಷ್ಠ’ ಅಂತ ನಾನು ಮೂರು ವರ್ಷ ಬಾಯಿಪಾಠ ಮಾಡಿದ್ದೆ. ಯಾಕೆ ಅಂತ ಗೊತ್ತಾಗಿದ್ದು ಆ ದಿನ, ನಮ್ಮ ಹಿತ್ತಲ ಕಟ್ಟೆ ಮೇಲೆ ಕೂತಾಗ. ಖುಷಿಗೆ ಅವ್ವನನ್ನು ಕರೆದು ತೋರಿಸಿದೆ. ಅವಳು ನೋಡಿ, "ಚಲೋ ಆತು, ಊಟ ಮಾಡು" ಅಂದಳು.

ಕಲಿತ ದಾರಿ ಹೇಳುತ್ತೇನೆ. ಕೋಚಿಂಗ್‌ಗೆ ದುಡ್ಡು ಇರಲಿಲ್ಲ. ಮಾವನ ಮಗ ಪಿಯುಸಿ ಸೈನ್ಸ್ ಮುಗಿಸಿದ್ದ, ಅವನ ಎರಡು ವರ್ಷದ ಗಣಿತ ಪುಸ್ತಕ ಇಸಕೊಂಡೆ. ಪೂರ್ತಿ ಓದಬೇಕಿಲ್ಲ. ಮೊದಲ ವರ್ಷದ್ದರಲ್ಲಿ ಗಣಗಳು, ಫಂಕ್ಷನ್, ಶ್ರೇಢಿಗಳು, ಲಿಮಿಟ್ ಮತ್ತು ಡೆರಿವೇಟಿವ್, ಸಂಭವನೀಯತೆ. ಎರಡನೇ ವರ್ಷದ್ದರಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಡೆರಿವೇಟಿವ್‌ನ ಉಪಯೋಗಗಳು, ಇಂಟಿಗ್ರಲ್ ಸ್ವಲ್ಪ, ಲೀನಿಯರ್ ಪ್ರೋಗ್ರಾಮಿಂಗ್, ಮತ್ತೆ ಸಂಭವನೀಯತೆ. ತ್ರಿಕೋನಮಿತಿ, ಶಂಕುಚ್ಛೇದ, ಮೂರು ಆಯಾಮದ ರೇಖಾಗಣಿತ ಬಿಟ್ಟೆ. ಲಾಗರಿದಮ್ ಮಾತ್ರ ಬಿಡಬೇಡಿ. ಅರ್ಥಶಾಸ್ತ್ರದವರಿಗೆ ಅದರ ಮೇಲೆ ವಿಪರೀತ ಪ್ರೀತಿ, ಬೆಳವಣಿಗೆ ದರದಿಂದ ಹಿಡಿದು ಸ್ಥಿತಿಸ್ಥಾಪಕತ್ವದ ತನಕ ಎಲ್ಲ ಕಡೆ ಬರುತ್ತದೆ.

ಮೊದಲ ಆರು ವಾರ ಬೇರೆ ಏನೂ ಓದಲಿಲ್ಲ. ಬೆಳಿಗ್ಗೆ ಐದರಿಂದ ಎಂಟು, ದಿನಾ ಇಪ್ಪತ್ತು ಲೆಕ್ಕ. ತಪ್ಪಾದದ್ದಕ್ಕೆ ಕೆಂಪು ಗೀಟು, ಭಾನುವಾರ ಕೆಂಪು ಗೀಟಿನದ್ದು ಮಾತ್ರ ಮತ್ತೆ. ಮೊದಮೊದಲು ಭಾನುವಾರವೇ ಅತಿ ಉದ್ದದ ದಿನ. ಆಮೇಲೆ ವೇರಿಯನ್ ಬರೆದ ಇಂಟರ್‌ಮೀಡಿಯೇಟ್ ಮೈಕ್ರೋ ಪುಸ್ತಕ ಹಿಡಿದೆ. ನಿಧಾನ ಹೋಯಿತು, ದಿನಕ್ಕೆ ನಾಲ್ಕು ಪುಟ. ಮ್ಯಾಕ್ರೋ, ಭಾರತದ ಅರ್ಥವ್ಯವಸ್ಥೆ ನನಗೆ ತೊಂದರೆ ಕೊಡಲಿಲ್ಲ, ಬಿಎ ನೋಟ್ಸ್ ಮತ್ತು ಆ ವರ್ಷದ ಆರ್ಥಿಕ ಸಮೀಕ್ಷೆ ಸಾಕಾಯಿತು. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ವ್ಯತ್ಯಯ, ಸಹಸಂಬಂಧ, ರಿಗ್ರೆಷನ್, ಇಷ್ಟು ಗಟ್ಟಿ ಮಾಡಿಕೊಳ್ಳಿ.

ಇನ್ನು ಪರೀಕ್ಷೆಯ ಕೋಣೆ. ಸಿಯುಇಟಿ ಪಿಜಿಯಲ್ಲಿ 2024ರಲ್ಲಿ 75 ಪ್ರಶ್ನೆಗೆ 105 ನಿಮಿಷ ಇತ್ತು. ಮರುವರ್ಷ ಅದು 90 ನಿಮಿಷಕ್ಕೆ ಇಳಿಯಿತು, ಅಂದರೆ ಪ್ರಶ್ನೆಗೆ 72 ಸೆಕೆಂಡ್. ಸರಿಯಾದರೆ 4 ಅಂಕ, ತಪ್ಪಾದರೆ 1 ಹೋಗುತ್ತದೆ. ಕಣ್ಣು ಮುಚ್ಚಿ ಟಿಕ್ ಹಾಕಿದರೆ ಏನಾಗುತ್ತದೆ? ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು. 4 ಬಂದು 3 ಹೋದರೆ ನಾಲ್ಕು ಪ್ರಶ್ನೆಗೆ 1 ಅಂಕ ಲಾಭ. ಎರಡು ಆಯ್ಕೆ ತಪ್ಪು ಅಂತ ಖಚಿತವಾಗಿ ಗೊತ್ತಿದ್ದರೆ ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ. ಅಲ್ಲಿ ಖಾಲಿ ಬಿಡುವುದು ನಷ್ಟ. ಜಾಮ್‌ನಲ್ಲಿ ಈ ಲೆಕ್ಕ ಬೇರೆ. 1 ಅಂಕದ ಆಯ್ಕೆ ಪ್ರಶ್ನೆ ತಪ್ಪಾದರೆ ಮೂರರಲ್ಲಿ ಒಂದು ಭಾಗ ಕಳೆಯುತ್ತಾರೆ, ಕುರುಡು ಟಿಕ್‌ನಿಂದ ಸರಾಸರಿ ಸೊನ್ನೆ. ಆದರೆ ಅಂಕಿ ಬರೆಯುವ ಪ್ರಶ್ನೆಗೆ ಅಲ್ಲಿ ಕಳೆಯುವುದೇ ಇಲ್ಲ, ಏನಾದರೂ ಬರೆದೇ ಏಳಿ. ಅರ್ಥಶಾಸ್ತ್ರ ಓದಲು ಹೊರಟವರು ಇಷ್ಟು ಲೆಕ್ಕವನ್ನಾದರೂ ಮೊದಲೇ ಹಾಕಿಕೊಂಡು ಹೋಗಬೇಕಲ್ವಾ?

‘ಜಾತಿ ಆದಾಯ’ ಅಂತ ಕೇಳಬೇಡಿ

ಮೀಸಲಾತಿಯಲ್ಲಿ ಸೀಟು ಕೇಳಲು ಜಾತಿಯ ಪ್ರಮಾಣಪತ್ರ ಬೇಕು. ನಾನು ಕಚೇರಿಯ ಕೌಂಟರ್‌ನಲ್ಲಿ "ಜಾತಿ ಆದಾಯ ಬೇಕು" ಅಂದೆ, ಅವರು ಅದನ್ನೇ ಕೊಟ್ಟರು. ಅದರಲ್ಲಿ 2ಎ ಅಂತ ಇತ್ತು. ಕರ್ನಾಟಕದ ಕಾಲೇಜುಗಳಿಗೆ ಅದು ಸರಿ. ಕೇಂದ್ರದ ವಿಶ್ವವಿದ್ಯಾಲಯಕ್ಕೆ 2ಎ, 3ಬಿ ಯಾವುದೂ ಅರ್ಥವಾಗುವುದಿಲ್ಲ. ಅವರಿಗೆ ಬೇಕಾದದ್ದು ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ ಪತ್ರ, ಅಂದರೆ ಹಿಂದುಳಿದ ವರ್ಗದವರು, ಆದರೆ ಅದರೊಳಗಿನ ಮೇಲ್ಪದರದವರಲ್ಲ ಅಂತ ಹೇಳುವ ಪತ್ರ. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ಇರುತ್ತೀರಿ ಅಂತಲೂ ಇಲ್ಲ. ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು, ಉಪಜಾತಿಯ ಹೆಸರು ಹುಡುಕಿ, ಆಮೇಲೆ ಕಚೇರಿಗೆ ಹೋಗಿ "ಕೇಂದ್ರ ಸರ್ಕಾರದ ಉದ್ದೇಶಕ್ಕೆ" ಅಂತ ಬಿಡಿಸಿ ಹೇಳಿ. ಇಡಬ್ಲ್ಯುಎಸ್‌ನವರಿಗೂ (ಆರ್ಥಿಕವಾಗಿ ದುರ್ಬಲ ವರ್ಗದವರಿಗೂ) ಇದೇ ಮಾತು. ತಾರೀಕು ಕೂಡ ಮುಖ್ಯ. ಏಪ್ರಿಲ್ 1ರ ನಂತರ, ಹೊಸ ಹಣಕಾಸು ವರ್ಷದಲ್ಲಿ ಕೊಟ್ಟದ್ದು ಕೇಳುತ್ತಾರೆ. ಜನವರಿಯಲ್ಲಿ ಒಂದು ಮಾಡಿಸಿದ್ದರೂ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಓಡಾಡಲು ತಯಾರಿರಿ.

ನೀವು ಯಾರು ಅಂತ ಬರೆಯುವುದು

ಸಿಯುಇಟಿಯಲ್ಲಿ ಪ್ರಬಂಧ ಬರೆಯುವ ಕೆಲಸ ಇಲ್ಲ. ಆದರೆ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಉದ್ದೇಶಪತ್ರ ಕೇಳುತ್ತವೆ, ಸಂದರ್ಶನ ಮಾಡುತ್ತವೆ. ನನ್ನ ಮೊದಲ ಉದ್ದೇಶಪತ್ರ ಹೀಗೆ ಶುರುವಾಗಿತ್ತು: ‘ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ ಹೇಳುವಂತೆ’. ನಮ್ಮ ಮೇಡಂ ಓದಿ ಕೇಳಿದರು, "ಇದನ್ನು ಆಡಂ ಸ್ಮಿತ್ ಸೇರಿಸಿಕೊಳ್ಳಲಿ ಅಂತ ಬರೆದೆಯೋ, ನಿನ್ನನ್ನೋ?"

ಎರಡನೇ ಸಲ ಮೆಣಸಿನಕಾಯಿ ಬಗ್ಗೆ ಬರೆದೆ. ಒಂದು ವರ್ಷ ರೇಟು ಏರುತ್ತದೆ, ಮುಂದಿನ ಮುಂಗಾರಿಗೆ ಎಲ್ಲರೂ ಜಾಸ್ತಿ ಹಾಕುತ್ತಾರೆ, ಕೊಯ್ಲಿಗೆ ಬಂದಾಗ ರೇಟು ಬೀಳುತ್ತದೆ. ಯಾರಿಗೆ ಕೋಲ್ಡ್ ಸ್ಟೋರೇಜ್ ಬಾಡಿಗೆ ಕಟ್ಟುವ ಶಕ್ತಿ ಇದೆಯೋ ಅವರು ಕಾಯುತ್ತಾರೆ, ಇಲ್ಲದವರು ಅಂದೇ ಮಾರಿ ಬರುತ್ತಾರೆ. ಅಪ್ಪ ಎರಡನೇ ಗುಂಪು. ಅದು ಬರೆದು ಕಳಿಸಿದ ಮೇಲೆ, 2024ರ ಮಾರ್ಚ್ 11ರಂದು, ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿದು ದೊಡ್ಡ ಗಲಾಟೆ ಆಯಿತು, ವಾಹನಗಳಿಗೆ ಬೆಂಕಿ ಬಿತ್ತು. ಆ ವರ್ಷದ ಸಿಯುಇಟಿ ಪಿಜಿ ಶುರುವಾದದ್ದೂ ಅದೇ ಸೋಮವಾರ. ಅಪ್ಪ ಅಂದು ಮಾರುಕಟ್ಟೆಗೆ ಹೋಗಿರಲಿಲ್ಲ, ಪುಣ್ಯ. ಆ ಖಾಸಗಿ ವಿಶ್ವವಿದ್ಯಾಲಯದ ಸಂದರ್ಶನದಲ್ಲಿ ಕೇಳಿದ್ದು ಪೂರ್ತಿ ಅದರ ಬಗ್ಗೆಯೇ. ಬೆಲೆ ಯಾಕೆ ಬಿತ್ತು, ಯಾರು ಮೊದಲು ತಿಳಿದುಕೊಂಡರು, ಸರ್ಕಾರ ಏನು ಮಾಡಬಹುದಿತ್ತು. ಇಂಗ್ಲಿಷ್ ತಡವರಿಸಿತು, ನಡುವೆ ಕನ್ನಡ ಬಂತು, ಆದರೆ ಹೇಳಲು ವಿಷಯ ಇತ್ತು. ಆಯ್ಕೆಯಾದೆ. ಶುಲ್ಕ ನೋಡಿ ಬಿಟ್ಟೆ. ನೆರವಿಗೆ ಅರ್ಜಿ ಹಾಕಬಹುದು ಅಂತ ಆಗ ಗೊತ್ತಿರಲಿಲ್ಲ, ನೀವು ಕೇಳದೆ ಬಿಡಬೇಡಿ.

ನಿಮ್ಮ ಮನೆಯಲ್ಲಿ ಮೆಣಸಿನಕಾಯಿ ಇಲ್ಲದಿರಬಹುದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇರಬಹುದು, ಸ್ತ್ರೀಶಕ್ತಿ ಸಂಘದ ಸಾಲ ಇರಬಹುದು, ದುಬೈಗೆ ಹೋದ ಅಣ್ಣ ಕಳಿಸುವ ದುಡ್ಡು ಇರಬಹುದು. ಕಂಡದ್ದನ್ನು ಬರೆಯಿರಿ.

ಅಮೆರಿಕದ ಪಿಎಚ್‌ಡಿ ಬಗ್ಗೆ ಕೇಳುವವರೂ ಇದ್ದಾರೆ. ಅದು ಬೇರೆಯೇ ಆಟ: ಮೂರು ಶಿಫಾರಸು ಪತ್ರ, ಬಹಳ ಕಡೆ ಜಿಆರ್‌ಇ ಎಂಬ ಪರೀಕ್ಷೆ, ಡಿಸೆಂಬರ್ ಆಸುಪಾಸಿನ ಗಡುವು, ಮತ್ತು ಇಲ್ಲಿ ಹೇಳಿದ್ದಕ್ಕಿಂತ ಹತ್ತು ಪಟ್ಟು ಗಣಿತ. ಮೊದಲು ಎಂಎ.

ಸೀಟು ಬಂದ ಮೇಲೆ

ಪಟ್ಟಿಗಳು ಸುತ್ತು ಸುತ್ತಾಗಿ ಬರುತ್ತವೆ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಅಳಬೇಡಿ, ನನ್ನದು ಮೂರನೆಯದರಲ್ಲಿ ಬಂತು. ಹೆಸರು ಬಂದ ಮೇಲೆ ಶುಲ್ಕ ಕಟ್ಟಲು ಕೊಡುವುದು ಎರಡು ಮೂರು ದಿನ ಮಾತ್ರ. ದುಡ್ಡು ಮೊದಲೇ ಖಾತೆಯಲ್ಲಿರಲಿ, ಯಾರದೋ ಎಫ್‌ಡಿ ಒಡೆಯುವ ಮಾತು ಆ ದಿನಕ್ಕೆ ಉಳಿಸಬೇಡಿ. ನಾವು ಕೊನೆಯ ದಿನ ರಾತ್ರಿ ಹತ್ತಕ್ಕೆ ಪೆಟ್ರೋಲ್ ಬಂಕಿನ ಬೆಳಕಲ್ಲಿ ನಿಂತು ಕಟ್ಟಿದೆವು, ನೆಟ್‌ವರ್ಕ್ ಸಿಗುತ್ತಿದ್ದುದು ಅಲ್ಲೇ. ದುಡ್ಡು ಕಡಿತವಾಗಿ ರಸೀದಿ ಬರದಿದ್ದರೆ ಗಾಬರಿಯಲ್ಲಿ ಮತ್ತೊಮ್ಮೆ ಕಟ್ಟಬೇಡಿ, ಅರ್ಧ ಗಂಟೆ ಕಾಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದಿಲ್ಲವಾದರೆ ಹೆಚ್ಚಿನ ಕಡೆ ತಾತ್ಕಾಲಿಕ ಪ್ರವೇಶ ಕೊಡುತ್ತಾರೆ, ಅಂಕಪಟ್ಟಿ ಕೊಡಲು ಒಂದು ಗಡುವು ಹಾಕುತ್ತಾರೆ. ಫಾರಂ ಶೇಕಡಾ ಕೇಳಿ ನಿಮ್ಮ ಅಂಕಪಟ್ಟಿಯಲ್ಲಿ ಬರೀ ಸಿಜಿಪಿಎ ಇದ್ದರೆ, ನಿಮ್ಮ ವಿಶ್ವವಿದ್ಯಾಲಯದ ಪರಿವರ್ತನೆ ಸೂತ್ರವನ್ನೇ ಬಳಸಿ, ಸುಮ್ನೆ ಹತ್ತರಿಂದ ಗುಣಿಸಬೇಡಿ. ಟಿಸಿ ತಗೊಳ್ಳುವ ದಿನವೇ ಮೈಗ್ರೇಷನ್ ಸರ್ಟಿಫಿಕೇಟ್‌ಗೂ ಅರ್ಜಿ ಕೊಟ್ಟು ಬನ್ನಿ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಅದು ಬೇಕೇ ಬೇಕು, ಮತ್ತು ಒಮ್ಮೆ ಹಾಸ್ಟೆಲ್ ಸೇರಿದ ಮೇಲೆ ಅದಕ್ಕಾಗಿ ಊರಿಗೆ ವಾಪಸ್ ಬರುವುದು ಒಂದು ರಾತ್ರಿಯ ಬಸ್ಸು, ಎರಡು ದಿನದ ಕ್ಲಾಸು. ನಾನು ಬಂದೆ. ಬರುವಾಗ ಅವ್ವ ಮೂರು ಕಿಲೋ ಖಾರದ ಪುಡಿ ಕೊಟ್ಟು ಕಳಿಸಿದಳು, ಹಾಗಾಗಿ ಪೂರ್ತಿ ನಷ್ಟವಾಗಲಿಲ್ಲ.